ಶೇಂಗಾ ಗುಂಪಿನ ಟೀಚರ್

ತೊರೆಹಟ್ಟಿ ಶಾಲೆಯ ಹೆಡ್‌ಮಾಸ್ತರು ಶಿವಕುಮಾರಪ್ಪನವರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಜಾಸ್ತಿ. ಆಫೀಸು ಕೋಣೆಯ ಕುರ್ಚಿಯಲ್ಲಿ ಕೂತವರಿಗೆ ಗೋಡೆಯಾಚೆಯಿಂದ ಮಕ್ಕಳು ಒಟ್ಟಾಗಿ ಪಾಠ ಒದರುವುದು ಕೇಳಿಸಿದರೆ ಸಾಕು, ವಿದ್ಯೆ ಸರಾಗವಾಗಿ ಹರಿಯುತ್ತಿದೆ ಎಂದು ನೆಮ್ಮದಿಯಿಂದ ಕಣ್ಣು ಮುಚ್ಚುವರು. ಸದ್ದು ನಿಂತಿತೋ, ತಟ್ಟನೆ ಎಚ್ಚರ. ಊರಿನವರೂ ಹಾಗೇ. ತೋಟಕ್ಕೆ ಹೋಗುವವರು ಶಾಲೆಯ ಮುಂದೆ ಒಂದು ಗಳಿಗೆ ನಿಂತು ಕಿವಿಗೊಡುತ್ತಿದ್ದರು. ಗದ್ದಲ ಕೇಳಿಸಿದರೆ ‘ಚೆನ್ನಾಗಿ ಹೇಳ್ಕೊಡ್ತಾರಪ್ಪ’ ಎನ್ನುವರು, ಕೇಳಿಸದಿದ್ದರೆ ‘ಮೇಷ್ಟ್ರು ಮಲ್ಗವ್ರೆ’ ಎಂದು ಮುಂದೆ ಹೋಗುವರು.

ಇಂಥ ಶಾಲೆಗೆ ಹೊಸದುರ್ಗದಿಂದ ಹಳೇ ಸ್ಕೂಟಿ ಏರಿಕೊಂಡು ಅತಿಥಿ ಶಿಕ್ಷಕಿಯಾಗಿ ಬಂದಳು ಹುಮೇರಾ. ನಾಲ್ಕು ಮತ್ತು ಐದನೆಯ ತರಗತಿ ಎರಡೂ ಒಂದೇ ಕೋಣೆಯಲ್ಲಿ, ಎರಡೂ ಅವಳ ಪಾಲಿಗೆ. ಬಂದ ವಾರದಲ್ಲೇ ಅವಳು ಮಾಡಿದ ಮೊದಲ ಕೆಲಸವೆಂದರೆ ಆ ಗದ್ದಲ ನಿಲ್ಲಿಸಿದ್ದು. ಮಕ್ಕಳನ್ನು ಮೂರು ಗುಂಪು ಮಾಡಿ, ಮೂರು ಚಾಪೆ ಹಾಸಿದಳು. ಗುಂಪಿಗೊಂದು ಸಣ್ಣ ಕಥೆಪುಸ್ತಕ, ಕೈಗೊಂದು ಪ್ರತಿ. ಪ್ರತಿಯೊಬ್ಬರೂ ತಮಗಷ್ಟೇ ಕೇಳುವಂತೆ ಪಿಸುದನಿಯಲ್ಲಿ ಓದಬೇಕು. ಓದು ಇನ್ನೂ ಕೂಡಿಬಾರದವರ ಚಾಪೆಯಲ್ಲಿ ಇವಳೂ ಕಾಲು ಮಡಚಿ ಕೂತು, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ಒಯ್ದು ಕೇಳುವಳು. ಎಡವಿದಲ್ಲಿ ಒಂದು ಸುಳಿವು ಕೊಟ್ಟು, ಸರಿಯಾದಲ್ಲಿ ಹುಬ್ಬು ಹಾರಿಸಿ, ಪಕ್ಕದವರ ಕಡೆ ಸರಿಯುವಳು.

ಗೋಡೆಯಾಚೆ ಶಿವಕುಮಾರಪ್ಪನವರ ನಿದ್ದೆ ಕೆಟ್ಟಿತು. ಎದ್ದು ಬಂದು ಬಾಗಿಲಲ್ಲಿ ನಿಂತರು.

“ಏನಮ್ಮ ಇದು? ಸ್ಕೂಲೋ, ಸಾವಿನ ಮನೆಯೋ? ಒಂದು ಸದ್ದಿಲ್ಲ, ಸುದ್ದಿಯಿಲ್ಲ!”

“ಸಾರ್, ನಮ್ಮಪ್ಪ ಪಾತ್ರೆ ರಾಶೀನ ಒಟ್ಟಿಗೆ ಬಡಿದು ನೋಡಲ್ಲ,” ಅಂದಳು ಹುಮೇರಾ. “ಒಂದೊಂದೇ ಎತ್ಕೊಂಡು ಕಿವಿ ಹತ್ರ ತಟ್ತಾರೆ. ತೂತು ಎಲ್ಲೈತೆ ಅಂತ ಆಗ ಗೊತ್ತಾಗುತ್ತೆ.”

ಅವಳ ಅಪ್ಪ ಕೈಸರ್ ಹೊಸದುರ್ಗದ ಸಂತೆಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ಹಿತ್ತಾಳೆ ಪಾತ್ರೆಗಳ ಕಾಲ ಮುಗಿದ ಮೇಲೆ ಕುಕ್ಕರು, ಗ್ಯಾಸ್ ಒಲೆ ರಿಪೇರಿಗೆ ಇಳಿದಿದ್ದ. ಹೆಡ್‌ಮಾಸ್ತರ ಮನೆಯ ಕುಕ್ಕರೂ ಅವನ ಕೈಯಲ್ಲೇ ಸರಿಯಾಗಿದ್ದರಿಂದ ಅವರು “ಆತು, ನೋಡಾಣ” ಎಂದು ಗೊಣಗುತ್ತಾ ಹೋದರು.

ಗುಂಪುಗಳಿಗೆ ಹೆಸರು ಬೇಕಲ್ಲ! ಒಂದು, ಎರಡು, ಮೂರು ಎಂದರೆ ಮೂರರವನಿಗೆ ಅವಮಾನ. ಅದಕ್ಕೇ ಬಹಳ ಜಾಣತನದಿಂದ ಯೋಚಿಸಿ, ಓದು ಬಾರದವರಿಗೆ ನೆಲದೊಳಗೆ ಕಾಯಿ ಬಿಡುವ ಶೇಂಗಾ, ಆಮೇಲಿನವರಿಗೆ ಕೈಗೆಟಕುವ ಬಾಳೆ, ಎತ್ತರದ ತೆಂಗು ಎಂದು ಹೆಸರಿಟ್ಟಳು. ಯಾರಿಗೂ ನೋವಾಗುವುದಿಲ್ಲ ಎಂದುಕೊಂಡಳು, ಪಾಪ. ಪೇಟೆ ಹುಡುಗಿ, ತೋಟದ ಊರಿನಲ್ಲಿ ತೆಂಗು ಎಂದರೆ ಏನೆಂದು ಅವಳಿಗೇನು ಗೊತ್ತು?

ಮೂರನೆಯ ದಿನವೇ ಅನ್ನಪೂರ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಯ ಮೆಟ್ಟಿಲು ಹತ್ತಿದರು. ಊರಿನ ದೊಡ್ಡ ತೆಂಗಿನ ತೋಟದ ಯಜಮಾನಿ. ಅವರ ಮೊಮ್ಮಗ ಚನ್ನವೀರ ಶೇಂಗಾ ಚಾಪೆಯಲ್ಲಿ ಕೂತಿದ್ದ.

“ಏನವ್ವ ಟೀಚರಮ್ಮ, ನಮ್ಮುಡುಗನ್ನ ಶೇಂಗಾದಾಗೆ ಕುಂಡ್ರಿಸೀಯಂತೆ? ಮುತ್ತಾತನ ಕಾಲ್ದಿಂದ ನಮ್ದು ತೆಂಗು. ಮಠದ ಸ್ವಾಮೇರು ಬಂದ್ರೂ ನಮ್ ತ್ವಾಟದ ಎಳನೀರೇ ಕುಡಿಯಾದು. ಇಲ್ಲಿ ನೋಡಿದ್ರೆ ಅಡಿಗೆ ಮಾಡೋ ಈರಕ್ಕನ ಮಗ್ಳು ತೆಂಗು, ನಮ್ಮ ಚನ್ನವೀರ ಶೇಂಗಾ! ಈರಕ್ಕನಿಗೆ ಒಂದು ಗಿಡ ಐತೇನು?”

ಹುಮೇರಾಳಿಗೆ ನಗು ಒದ್ದುಕೊಂಡು ಬಂತು. ಕೆನ್ನೆ ಕಚ್ಚಿಕೊಂಡು, ಭಾರೀ ಗಂಭೀರ ಮುಖ ಮಾಡಿದಳು.

“ಕುಂತ್ಕಳ್ರಿ ಅಮ್ಮಾರೆ. ನೀವೇ ಹೇಳ್ರಿ, ತೆಂಗು ನೆಟ್ರೆ ಫಲ ಯಾವಾಗ ಬರುತ್ತೆ?”

“ಐದಾರು ವರ್ಷ ಬೇಕವ್ವ.”

“ಶೇಂಗಾ?”

“ಅದೇನು, ಮೂರ್ನಾಲ್ಕು ತಿಂಗ್ಳಿಗೆ ಕೀಳ್ತಾರೆ.”

“ನಿಮ್ ಮೊಮ್ಮಗ ಓದಾದು ಯಾವಾಗ ಕಲೀಬೇಕು ಅಂತೀರಿ? ಮೂರು ತಿಂಗ್ಳಿಗೋ, ಐದು ವರ್ಷಕ್ಕೋ?”

ಅನ್ನಪೂರ್ಣಮ್ಮ ಸೊಂಟದ ಸೆರಗು ಬಿಚ್ಚಿ ಸರಿ ಮಾಡಿಕೊಂಡರು. “ಹಂಗಾದ್ರೆ ಶೇಂಗಾದಾಗೇ ಇರ್ಲಿ ಬಿಡು. ಆದ್ರೆ ನಮ್ಮುಡುಗ ಕುಂತಿರೋ ಗುಂಪು ಅಂದ್ರೆ ಅದಕ್ಕೊಂದು ಮರ್ವಾದೆ ಇರ್ಬೇಕು,” ಎಂದು ಹೇಳಿ ಹೊರಟರು.

ಮರುದಿನ ಚನ್ನವೀರನ ಜೊತೆಗೆ ಒಂದು ಸ್ಟೀಲ್ ಡಬ್ಬಿ ಬಂತು. ತುಂಬ ಹದವಾಗಿ ಹುರಿದ ಶೇಂಗಾ, ಮೇಲೊಂದು ಅಚ್ಚು ಬೆಲ್ಲ. ಶೇಂಗಾ ಗುಂಪೆಂದ ಮೇಲೆ ಶೇಂಗಾ ಇರಬೇಡವೇ, ಅನ್ನಪೂರ್ಣಮ್ಮನವರ ನ್ಯಾಯ ಅಷ್ಟು ನೇರ. ಹುಮೇರಾ ಅದನ್ನು ಅಲ್ಲೇ ಮುಚ್ಚಿ ವಾಪಸು ಕಳಿಸಬೇಕಿತ್ತು, ಅಥವಾ ಎಲ್ಲರಿಗೂ ಹಂಚಬೇಕಿತ್ತು. ಆದರೆ ಏನು ಮಾಡುವುದು, ಹುರಿದ ಶೇಂಗಾ ಎಂದರೆ ಅವಳಿಗೂ ಪ್ರಾಣ! ಡಬ್ಬಿ ದಿನಾ ಬಂತು. ಚಾಪೆಯ ನಡುವೆ ಕೂತಿತು. ಒಂದು ಪುಟ ಓದು, ಒಂದು ಹಿಡಿ ಶೇಂಗಾ. ವಾಸನೆ ಬಾಳೆ ಚಾಪೆಯನ್ನು ದಾಟಿ ತೆಂಗಿನ ಚಾಪೆಗೂ ತಲುಪಿತು.

ಆಮೇಲೆ ಶುರುವಾಯಿತು ನೋಡಿ, ವಿಚಿತ್ರ ಕಾಯಿಲೆ. ಬಾಳೆ ಗುಂಪಿನಲ್ಲಿ ಪಟಪಟ ಓದುತ್ತಿದ್ದ ತೌಹೀದ್ ಒಂದು ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತಾ ಬಂದ.

“ಟೀಚರ್, ಒತ್ತಕ್ಷರ ಎಲ್ಲಾ ಮರ್ತೋಗವೆ.”

“ಯಾವಾಗಿಂದ?”

“ನಿನ್ನೆ ಮಧ್ಯಾಹ್ನದಿಂದ.”

ಅವನು ಶೇಂಗಾ ಚಾಪೆಗೆ ಇಳಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. ಇಳಿದವರು ಸರಿ, ಮೊದಲಿನಿಂದಲೂ ಅಲ್ಲಿದ್ದವರಾದರೂ ಮೇಲೆ ಹತ್ತಿದರೇ? ಒಬ್ಬರೂ ಇಲ್ಲ. ತಿಂಗಳುಗಟ್ಟಲೆ ಕಿವಿಗೊಟ್ಟು ಕೂತರೂ ‘ಕ... ಕಾ... ಕಾಗೆ’ಗಿಂತ ಮುಂದೆ ಗಾಡಿ ಹೋಗುತ್ತಿಲ್ಲ. ಶೇಂಗಾ ಚಾಪೆ ಸಾಲದೆ ಇನ್ನೊಂದು ಚಾಪೆ ಹಾಸಬೇಕಾಯಿತು. ಆ ಚಾಪೆಯ ಮೂಲೆಯಲ್ಲಿ ಮೊದಲ ದಿನದಿಂದಲೂ ಕೂತವಳು ಶಿವಗಂಗಾ. ಕಾಯಿ ಸುಲಿಯುವ ಮಾರಣ್ಣನ ಮಗಳು. ಐದು ಜನ ಮಕ್ಕಳ ಮನೆಯಲ್ಲಿ ನಡುವಿನವಳು, ಶೇಂಗಾಕ್ಕೂ ಕೈ ಚಾಚದವಳು. ಹುಮೇರಾ ಹತ್ತಿರ ಬಂದಾಗ ಮಾತ್ರ ಪುಸ್ತಕ ಎತ್ತಿ, ಅವಳ ತೋಳಿಗೆ ತೋಳು ತಾಗಿಸಿ ಒಂದೊಂದೇ ಅಕ್ಷರ ಎಣಿಸುವಳು.

ದಸರಾ ರಜೆ ಹತ್ತಿರ ಬರುವ ಹೊತ್ತಿಗೆ ಶಿವಕುಮಾರಪ್ಪನವರ ತಾಳ್ಮೆ ಮುಗಿಯಿತು.

“ಏನಮ್ಮ, ನಿನ್ನ ಗುಂಪಿನಾಗೆ ಬಂದೋರು ಕಲಿಯಾದಿರ್ಲಿ, ಕಲ್ತೋರೂ ಮರೀತಾವ್ರಲ್ಲ! ಈ ಶನಿವಾರ ನಾನೇ ಬಂದು ಓದಿಸ್ತೀನಿ. ಶೇಂಗಾದಾಗೆ ಓದಕ್ಕೆ ಬರದಿರೋರು ಒಬ್ಬರು ಸಿಕ್ರೂ ಸೋಮವಾರದಿಂದ ಗುಂಪು ಬಂದ್. ಎಲ್ರೂ ಒಟ್ಟಿಗೆ ಓದ್ಲಿ.”

ಹುಮೇರಾಳಿಗೆ ಗುಂಪು ಬಿಡಲು ಮನಸ್ಸಿಲ್ಲ. ಅದು ಬರೀ ಹೊಸ ಪದ್ಧತಿಯ ಹಟವಾಗಿರಲಿಲ್ಲ. ಒಟ್ಟಿಗೆ ಓದುವುದು ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವಳಿದ್ದಾಗ ಮೂರು ವರ್ಷ ಅವಳು ತರಗತಿಯ ಗದ್ದಲದಲ್ಲಿ ಬರೀ ತುಟಿ ಆಡಿಸಿಕೊಂಡು ಕೂತವಳು. ಒಂದು ಅಕ್ಷರವೂ ಬರುತ್ತಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಂಡವಳು ಮನೆಯಲ್ಲಿದ್ದ ಅಜ್ಜಿ ಹುಸೇನ್ ಬೀ.

ಆ ಸಂಜೆ ಅಜ್ಜಿಯ ಮುಂದೆ ಕೂತು ಹುಮೇರಾ ಎಲ್ಲವನ್ನೂ ತೋಡಿಕೊಂಡಳು. ಹುಸೇನ್ ಬೀ ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕಳು.

“ನೀನು ನಂಗೆ ಟೋಪಿ ಹಾಕಕ್ಕೆ ನೋಡಿದ್ದು ನೆನಪೈತಾ? ನಾನು ಲೈಟ್ ಬಿಲ್ ಕೊಟ್ಟು ಓದು ಅಂದೆ. ನೀನು ಅದನ್ನ ಹಿಡ್ಕೊಂಡು ಕಾಗೆ ನರಿ ಕಥೆ ಹೇಳ್ದೆ. ಎಂಥಾ ರಾಗ, ಎಂಥಾ ಅಭಿನಯ!”

“ನಿಂಗೆ ಕನ್ನಡ ಅಕ್ಷರಾನೇ ಬರಲ್ಲ. ಹೆಂಗ್ ಗೊತ್ತಾಯ್ತು ನಾನಿ?”

“ಕಣ್ಣು ನೋಡ್ದೆ. ಓದೋರ ಕಣ್ಣು ನಡೀತಾ ಇರುತ್ತೆ. ನಿನ್ ಬಾಯಿ ಓಡ್ತಿತ್ತು, ಕಣ್ಣು ನಿಂತಿತ್ತು.”

ಹುಮೇರಾ ತಟ್ಟನೆ ನೆಟ್ಟಗೆ ಕೂತಳು. ಬಂದಾಗಿನಿಂದ ಅವಳು ಮಕ್ಕಳ ಬಾಯಿಗೆ ಕಿವಿ ಕೊಟ್ಟಿದ್ದಳೇ ಹೊರತು ಕಣ್ಣು ನೋಡಿರಲೇ ಇಲ್ಲ. ಬಾರದ್ದನ್ನು ಬರುತ್ತದೆ ಎಂದು ನಟಿಸುವ ಕಳ್ಳರನ್ನು ಹಿಡಿಯುವುದರಲ್ಲಿ ಅವಳು ನಿಪುಣೆ, ತಾನೇ ಆ ಕಸುಬು ಮಾಡಿದವಳಲ್ಲವೇ! ಬರುವುದನ್ನು ಬಾರದು ಎಂದು ನಟಿಸುವ ಕಳ್ಳರೂ ಇರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಅವಳು ಚಾಪೆಯಲ್ಲಿ ಎಂದಿನಂತೆ ಕೂತಳು. ಹೊಸ ಕಥೆ, ಕೊನೆಯ ಪುಟದಲ್ಲಿ ಅಜ್ಜಿಯ ಕನ್ನಡಕವನ್ನು ಮೇಕೆ ಹಾಕಿಕೊಳ್ಳುತ್ತದೆ. ಚಿತ್ರವಿಲ್ಲ, ಬರೀ ಅಕ್ಷರ. ಕಿವಿ ಕೊಟ್ಟಂತೆ ಬಾಗಿ ಓರೆಗಣ್ಣಲ್ಲಿ ನೋಡಿದಳು. ಅಬ್ಬಬ್ಬಾ! ತೌಹೀದನ ಬಾಯಿ ‘ಅ... ಅಜ್...’ ಎಂದು ಮುಗ್ಗರಿಸುತ್ತಿದ್ದರೆ ಕಣ್ಣು ನಾಲ್ಕು ಸಾಲು ಕೆಳಗೆ ಓಡುತ್ತಿತ್ತು. ಚನ್ನವೀರನ ಕಣ್ಣು ಆಗಲೇ ಪುಟ ಮುಗಿಸಿ ಡಬ್ಬಿಯ ಮೇಲಿತ್ತು. ಇನ್ನು ಶಿವಗಂಗಾ, ಮೊದಲ ಪದದಲ್ಲೇ ಪರದಾಡುತ್ತಿದ್ದವಳು, ಮೇಕೆ ಕನ್ನಡಕ ಹಾಕಿಕೊಂಡ ಸಾಲಿನ ಕಡೆ ನೋಡಿ ಒಂದು ಸಣ್ಣ ನಗೆ ನಕ್ಕು, ಬೇಗ ತುಟಿ ಬಿಗಿದುಕೊಂಡಳು.

“ಎಲಾ ಕಳ್ನನ್ಮಕ್ಳ!” ಎಂದು ಮನಸ್ಸಿನಲ್ಲೇ ಬೈದುಕೊಂಡಳು ಹುಮೇರಾ. ಸಿಟ್ಟಿಗಿಂತ ಖುಷಿಯೇ ಹೆಚ್ಚಾಗಿತ್ತು. ಇಷ್ಟೂ ಜನಕ್ಕೆ ಓದು ಬಂದಿದೆ, ತನಗೊಬ್ಬಳಿಗೇ ಸುದ್ದಿ ಇಲ್ಲ! ಬೈದು ಬಾಯಿ ಬಿಡಿಸಬಹುದಿತ್ತು. ಆದರೆ ಚಳ್ಳೆಹಣ್ಣು ತಿನ್ನಿಸಿದವರಿಗೆ ವಾಪಸು ಚಳ್ಳೆಹಣ್ಣು ತಿನ್ನಿಸದೆ ಬಿಟ್ಟರೆ ಅವಳು ಹುಸೇನ್ ಬೀಯ ಮೊಮ್ಮಗಳೇ ಅಲ್ಲ.

ಶುಕ್ರವಾರ ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಂಡು ಬಂದಳು. ಶೇಂಗಾ ಗುಂಪಿನ ಮುಂದೆ ಕೂತು, ಒಂದೂ ಮಾತಾಡದೆ ಮೊದಲ ಹಾಳೆ ಎತ್ತಿ ಹಿಡಿದಳು.

‘ಚನ್ನವೀರನ ಬೆನ್ನ ಮೇಲೆ ಓತಿಕ್ಯಾತ ಕೂತಿದೆ.’

ಹುಡುಗರೆಲ್ಲ ಒಟ್ಟಿಗೆ ಚನ್ನವೀರನ ಬೆನ್ನಿನ ಕಡೆ ತಿರುಗಿದರು. ಚನ್ನವೀರ “ಯಪ್ಪಾ!” ಎಂದು ಕಿರುಚಿ ಹಾರಿ, ಗುಂಡಿ ಕಿತ್ತುಹೋಗುವಂತೆ ಅಂಗಿ ಬಿಚ್ಚಿ ಒದರಿದ. ಓತಿಕ್ಯಾತವೂ ಇಲ್ಲ, ಹಲ್ಲಿಯೂ ಇಲ್ಲ. ಹುಡುಗರು ಬಿದ್ದು ಬಿದ್ದು ನಗತೊಡಗಿದರು. ಹುಮೇರಾ ಎರಡನೆಯ ಹಾಳೆ ಎತ್ತಿದಳು.

‘ಈಗ ನಕ್ಕವರಿಗೆ ಶೇಂಗಾ ಇಲ್ಲ.’

ನಗು ಕತ್ತರಿಸಿದ ಹಾಗೆ ನಿಂತಿತು. ತೌಹೀದ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನಗು ಮೂಗಿನಿಂದ ಬಂತು. ಮೂರನೆಯ ಹಾಳೆ ಮೇಲೇರಿತು.

‘ಓದಲು ಬಾರದವರು ಎದ್ದು ಬಂದು ಡಬ್ಬಿ ತೆಗೆದುಕೊಳ್ಳಿ.’

ಏನು ಹೇಳಲಿ ಆ ನೂಕುನುಗ್ಗಲು! ಒಬ್ಬರ ಮೇಲೊಬ್ಬರು ಬಿದ್ದು ಡಬ್ಬಿಗೆ ಕೈ ಹಾಕಿದರು. ಎಲ್ಲರಿಗಿಂತ ಮುಂದಿದ್ದ ತೌಹೀದನಿಗೆ ಮುಚ್ಚಳ ತೆಗೆಯುವಾಗ ಏನೋ ಹೊಳೆದು, ಕೈ ಅಲ್ಲೇ ನಿಂತಿತು. “ಲೇ, ನಿಂತ್ಕಳ್ರಲೇ... ಟೀಚರ್ ನಮ್ಗೆ ಟೋಪಿ ಹಾಕಿದ್ರು ಕಣ್ರಲೇ!”

“ಮರ್ತೋದ ಒತ್ತಕ್ಷರ ಎಲ್ಲಾ ವಾಪಸ್ ಬಂದ್ವಾ ತೌಹೀದ್ ಸಾಹೇಬ್ರೆ?” ಎಂದಳು ಹುಮೇರಾ. ಎಲ್ಲರ ಮುಖ ಹುಳ್ಳಗಾಯಿತು. ಆಮೇಲೆ ಅವಳೇ ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ಅವತ್ತಿನಿಂದ ಡಬ್ಬಿ ಶಾಲೆಯ ಅಂಗಳದ ಹೊಂಗೆ ಮರದ ಕೆಳಗೆ, ಆಟದ ಹೊತ್ತಿನಲ್ಲಿ, ಎಲ್ಲ ಗುಂಪಿಗೂ ಸಮ ಎಂದು ತೀರ್ಮಾನವಾಯಿತು. ಇಳಿದು ಬಂದವರು ತಮ್ಮ ತಮ್ಮ ಚಾಪೆಗೆ ಮರಳಿದರು. ಕಲಿತು ಮುಚ್ಚಿಟ್ಟುಕೊಂಡಿದ್ದವರು ಬಾಳೆಗೆ ಹತ್ತಿದರು. ಶೇಂಗಾ ಚಾಪೆಯಲ್ಲಿ ಉಳಿದವಳು ಒಬ್ಬಳೇ. ಶಿವಗಂಗಾ. ಅವಳು ಓತಿಕ್ಯಾತಕ್ಕೂ ತಿರುಗಿರಲಿಲ್ಲ, ಡಬ್ಬಿಗೂ ಎದ್ದಿರಲಿಲ್ಲ. ಅಷ್ಟು ಹೊತ್ತೂ ಚಾಪೆಯ ಎಳೆ ಎಣಿಸುತ್ತಾ ಕೂತಿದ್ದಳು.

“ನಿಂಗೆ ಓದಕ್ಕೆ ಬರುತ್ತಲ್ವೇನೇ?” ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು ಹುಮೇರಾ.

“ಇಲ್ಲ ಟೀಚರ್,” ಅಂದಳು ಶಿವಗಂಗಾ, ಕಣ್ಣು ಅಗಲ ಮಾಡಿ. ಆಮೇಲೆ ಪುಸ್ತಕ ತೆರೆದು, ತೋಳಿಗೆ ತೋಳು ತಾಗಿಸಿ, “ಮ... ಮೇ...” ಎಂದು ಶುರುಮಾಡಿದಳು. ಇಡೀ ಚಾಪೆಗೆ ಅವಳೊಬ್ಬಳೇ, ಇಡೀ ಟೀಚರ್ ಅವಳೊಬ್ಬಳಿಗೇ. ಮುಖದಲ್ಲಿ ಹಬ್ಬದ ಕಳೆಯಿತ್ತು.

ಹೆಡ್‌ಮಾಸ್ತರ ಮಾತನ್ನು ಹೇಳಿಬಿಡಲೇ ಎಂದು ಹುಮೇರಾಳ ನಾಲಿಗೆಯ ತುದಿಗೆ ಬಂತು. ನೀನು ನಾಳೆ ಓದದಿದ್ದರೆ ನನ್ನ ಗುಂಪುಗಳೆಲ್ಲ ಹೋಗುತ್ತವೆ ಕಣೇ, ಎಂದು. ಹೇಳಲಿಲ್ಲ. ಒಂಬತ್ತು ವರ್ಷದ ಮಗುವಿನ ತಲೆಯ ಮೇಲೆ ಅಷ್ಟು ದೊಡ್ಡ ಹೊರೆ ಹೊರಿಸಲು ಮನಸ್ಸು ಒಪ್ಪಲಿಲ್ಲ.

ಶನಿವಾರ ಬೆಳಿಗ್ಗೆ ಶಿವಕುಮಾರಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತರು. ಶೇಂಗಾದಲ್ಲಿದ್ದವರನ್ನೆಲ್ಲ ಕರೆದು, ತಾವೇ ಆರಿಸಿ ತಂದ ಪುಸ್ತಕದಿಂದ ಓದಿಸಿದರು. ಚನ್ನವೀರ ಬೀದಿಗೆ ಕೇಳುವಂತೆ ಓದಿದ. ತೌಹೀದ್ ತನ್ನ ಪುಟ ಮುಗಿಸಿ ಪಕ್ಕದವನ ಪುಟಕ್ಕೂ ಕೈಹಾಕಿದ. ಹೆಡ್‌ಮಾಸ್ತರ ಹುಬ್ಬು ಮೇಲೇರುತ್ತಲೇ ಹೋಯಿತು.

“ಪರ್ವಾಗಿಲ್ವೇ! ಇನ್ಯಾರಮ್ಮ?”

ಶಿವಗಂಗಾ ಎದ್ದು ಬಂದಳು. ಪುಸ್ತಕ ಹಿಡಿದಳು. “ಊ... ಊರ...” ಅಂದಳು. ನಿಂತಳು. ಶಿವಕುಮಾರಪ್ಪನವರು ಕೆಟ್ಟವರಲ್ಲ. ಇನ್ನೊಂದು ಸುಲಭದ ಪುಟ ಕೊಟ್ಟರು, ಬೆನ್ನು ತಟ್ಟಿದರು, ಕಾದರು. ಅದೇ ‘ಊ... ಊರ’. ಹುಮೇರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇವಳನ್ನು ಹೇಗಾದರೂ ಮಾಡಿ ಓದಿಸಬೇಕಿತ್ತು, ತಾನು ಸೋತೆ ಎಂದು ಅವಳಿಗೆ ಅಳು ಬರುವಂತಾಯಿತು.

ಹೆಡ್‌ಮಾಸ್ತರು ಉಸಿರುಬಿಟ್ಟು ಎದ್ದರು. ಅವರದೊಂದು ಹಳೇ ರೂಢಿ, ಕಹಿ ಆದೇಶವನ್ನು ಬಾಯಲ್ಲಿ ಹೇಳುವುದಿಲ್ಲ, ಬೋರ್ಡಿನ ಮೇಲೆ ಬರೆದು ಹೊರಟುಬಿಡುತ್ತಾರೆ. ಸೀಮೆಸುಣ್ಣ ತೆಗೆದುಕೊಂಡು, ಮಕ್ಕಳಿಗೆ ಬೆನ್ನು ಹಾಕಿ, ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದರು.

‘ಸೋಮವಾರದಿಂದ ಗುಂಪುಗಳು ಇಲ್ಲ. ಟೀಚರ್ ಚಾಪೆಯಲ್ಲಿ ಕೂರುವುದಿಲ್ಲ. ಎಲ್ಲರೂ ಒಟ್ಟಿಗೆ...’

“ಬ್ಯಾಡ ಸಾರ್!”

ಸೀಮೆಸುಣ್ಣ ಚೂರಾಗಿ ಕೆಳಗೆ ಬಿತ್ತು. ಶಿವಕುಮಾರಪ್ಪನವರು ಗರ್ರನೆ ತಿರುಗಿದರು. “ಯಾರದು?”

ಯಾರೂ ಬೆರಳು ತೋರಿಸುವ ಅಗತ್ಯವಿರಲಿಲ್ಲ. ಶಿವಗಂಗಾ ಪುಸ್ತಕ ಕೆಳಗೆ ಹಾಕಿ, ಮುಷ್ಟಿ ಬಿಗಿಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಟೀಚರ್ ಚಾಪ್ಯಾಗೆ ಕೂರ್ಬೇಕು ಸಾರ್. ಹಂಗೆ ಬರೀಬ್ಯಾಡ್ರಿ!”

“ಹಂಗೆ ಅಂದ್ರೆ ಹೆಂಗೆ?” ಹೆಡ್‌ಮಾಸ್ತರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. “ಏನ್ ಬರ್ದೀನಿ ನಾನು? ಓದು ನೋಡಾಣ.”

ಅವಳು ಬಿಕ್ಕುತ್ತಲೇ ಮೂರೂ ಸಾಲು ಓದಿದಳು. ಒಂದು ಕಡೆಯೂ ಎಡವಲಿಲ್ಲ. ಅವರು ಬರೆಯದೆ ಬಿಟ್ಟಿದ್ದ ‘ಓದುವುದು’ ಎಂಬುದನ್ನೂ ತಾನೇ ಸೇರಿಸಿ ಓದಿದಳು.

“ಇಷ್ಟ್ ಚೆನ್ನಾಗಿ ಓದೋಳು ಇಷ್ಟ್ ದಿನ ಬರಲ್ಲ ಅಂತ ಯಾಕ್ ಕುಂತಿದ್ದೆ?”

ಶಿವಗಂಗಾ ಲಂಗದ ಅಂಚಿನಿಂದ ಮೂಗು ಒರೆಸಿಕೊಂಡಳು. ಹುಮೇರಾಳ ಕಡೆ ನೋಡಲಿಲ್ಲ, ನೆಲ ನೋಡಿಕೊಂಡೇ ಹೇಳಿದಳು.

“ನಮ್ಮನ್ಯಾಗೆ ನಾನ್ ಹೇಳಾದು ಯಾರೂ ಕೇಳಲ್ಲ ಸಾರ್. ಎಲ್ರೂ ಮಾತಾಡ್ತಾರೆ. ಟೀಚರ್ ಒಬ್ರೇ ಕಿವಿ ಕೊಟ್ಟು ಕೇಳಾದು. ಓದಕ್ಕೆ ಬಂದ್ರೆ ಎದ್ದು ಬೇರೆಯೋರ ಹತ್ರ ಹೋಗ್ಬಿಡ್ತಾರೆ.”

ಹುಮೇರಾ ಕಿಟಕಿಯಿಂದ ತಿರುಗಿದಳು. ಓದಲು ಬಾರದ ತಪ್ಪನ್ನು ಗದ್ದಲದಲ್ಲಿ ಬಚ್ಚಿಟ್ಟುಕೊಂಡಿದ್ದಳು ತಾನು. ಓದಲು ಬಂದ ಭಾಗ್ಯವನ್ನೇ ಬಚ್ಚಿಟ್ಟುಕೊಂಡು ಕೂತಿತ್ತು ಈ ಕೂಸು, ಒಂದು ಕಿವಿಯ ಆಸೆಗೆ. ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು, ತಬ್ಬಿಕೊಂಡಳು ಕೂಡ.

ಶಿವಕುಮಾರಪ್ಪನವರು ಬೋರ್ಡಿನ ಕಡೆ ತಿರುಗಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಗದರಿಸುವ ದನಿಯಲ್ಲಿ, “ಡಸ್ಟರ್ ಎಲ್ಲಮ್ಮ? ಒಂದ್ ಡಸ್ಟರ್ ಇಟ್ಕಳಕ್ಕಾಗಲ್ವಾ ಕ್ಲಾಸಿನಾಗೆ?” ಎಂದರು. ತೌಹೀದ್ ಓಡಿ ತಂದುಕೊಟ್ಟ. ತಾವು ಬರೆದದ್ದನ್ನು ತಾವೇ, ಒಂದು ಚುಕ್ಕಿಯೂ ಉಳಿಯದಂತೆ ಅಳಿಸಿದರು. ಬಾಗಿಲಲ್ಲಿ ನಿಂತು ಹೇಳಿದರು, “ಮೂರನೇ ಕ್ಲಾಸಿನಾಗೂ ಕೆಲವ್ರು ಅವ್ರೆ. ಸೋಮವಾರದಿಂದ ಅವ್ರನ್ನೂ ಶೇಂಗಾಕ್ಕೆ ಹಾಕ್ಕಳಮ್ಮ.”

ಹೀಗೆ ಶೇಂಗಾ ಚಾಪೆ ಮತ್ತೆ ತುಂಬಿತು. ಅನ್ನಪೂರ್ಣಮ್ಮ ಮೊಮ್ಮಗ ಬಾಳೆಗೆ ಹತ್ತಿದ ಸಂತೋಷಕ್ಕೆ ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಅವನು ತೆಂಗಿಗೆ ಹತ್ತಿದ ದಿನ ಏನು ಕಳಿಸುತ್ತಾರೋ ಎಂದು ಇಡೀ ಶಾಲೆ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದೆ. ಗೋಡೆಯಾಚೆ ಶಿವಕುಮಾರಪ್ಪನವರಿಗೆ ಈಗಲೂ ನಿದ್ದೆ ಬರುವುದಿಲ್ಲ. ಆಟದ ಹೊತ್ತಿಗೆ ಸರಿಯಾಗಿ ಹೊಂಗೆ ಮರದ ಕೆಳಗೆ ಹಾಜರಾಗಿ ಒಂದು ಹಿಡಿ ಶೇಂಗಾ ಎತ್ತಿಕೊಳ್ಳುತ್ತಾರೆ.

ಹುಮೇರಾ ಒಂದು ಹೊಸ ನಿಯಮ ಮಾಡಿದಳು. ಎಷ್ಟೇ ಚೆನ್ನಾಗಿ ಓದುವವರಾಗಲಿ, ದಿನಕ್ಕೊಂದು ಪುಟ ಟೀಚರ ಕಿವಿಗೆ ಓದಬೇಕು. ಸೋಮವಾರ ಮಧ್ಯಾಹ್ನ ಅವಳು ತೆಂಗಿನ ಚಾಪೆಗೆ ಬಂದಾಗ, ನೇರ ಅಲ್ಲಿಗೇ ಹತ್ತಿದ್ದ ಶಿವಗಂಗಾ ಪಕ್ಕದಲ್ಲಿ ಜಾಗ ಬಿಟ್ಟುಕೊಂಡು, ಯಾರೂ ಕೂರದಂತೆ ಅಂಗೈ ಊರಿಕೊಂಡು ಕಾಯುತ್ತಿದ್ದಳು. ಹುಮೇರಾ ಕೂತಳು. ತೋಳಿಗೆ ತೋಳು ತಾಗಿತು. ಬಾಗಿ ಕಿವಿ ಕೊಟ್ಟಳು.

ಶಿವಗಂಗಾ ಒಂದೇ ಒಂದು ಅಕ್ಷರವೂ ತಪ್ಪದೆ ಓದಿದಳು. ಆದರೆ ಬೇಕೆಂದೇ, ಬಹಳ ನಿಧಾನವಾಗಿ.